ಬೆಂಕಿಯ ನಂತರ ಬಿಗ್ ಬೇಸಿನ್: ದಾರಿ ಬಿಡಿಸುವ ಕೈಗಳು

ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯಲ್ಲಿ ಹತ್ತಲು ಒಂದು ದಿಬ್ಬವೂ ಸಿಗುವುದಿಲ್ಲ. ಟಿ. ಜ್ಯಾಕ್ ಫಾಸ್ಟರ್ ಎಂಬ ಉದ್ಯಮಿ 1960ರ ದಶಕದಲ್ಲಿ ಬ್ರೂವರ್ ದ್ವೀಪದ ಜೌಗಿಗೆ ಮಣ್ಣು ತುಂಬಿಸಿ ಕಟ್ಟಿಸಿದ ಊರು ಇದು. 1971ರಲ್ಲಿ ನಗರವಾಯಿತು. ಇಲ್ಲಿನ ಕನ್ನಡ ಮನೆಗಳವರ ಸಂಜೆಯ ವಾಕಿಂಗ್ ಕೊಲ್ಲಿಯ ಏರಿಯ ಮೇಲಿನ ಡಾಂಬರು ದಾರಿಯಲ್ಲಿ. ಕಾಡು ಬೇಕೆಂದರೆ ಪಶ್ಚಿಮಕ್ಕೆ ಕಾಣುವ ಬೆಟ್ಟಸಾಲು ಹಿಡಿದು, ಕಾರಿನಲ್ಲಿ ಗಂಟೆಗೂ ಮಿಕ್ಕಿ ದಕ್ಷಿಣಕ್ಕೆ ಹೋಗಬೇಕು. ಅಲ್ಲಿದೆ ಬಿಗ್ ಬೇಸಿನ್.

ಕ್ಯಾಲಿಫೋರ್ನಿಯಾದ ಅತಿ ಹಳೆಯ ರಾಜ್ಯ ಉದ್ಯಾನ ಅದು, 1902ರದು. ರೆಡ್‌ವುಡ್ ಮರಗಳನ್ನು ಗರಗಸದಿಂದ ಉಳಿಸಬೇಕೆಂದು 1900ರಲ್ಲಿ ಫೋಟೋಗ್ರಾಫರ್ ಆಂಡ್ರ್ಯೂ ಹಿಲ್ ಮತ್ತು ಸಂಗಡಿಗರು ಸೆಂಪರ್‌ವೈರೆನ್ಸ್ ಕ್ಲಬ್ ಕಟ್ಟಿ ಹೋರಾಡಿದ್ದರ ಫಲ. ಸಾವಿರ ವರ್ಷ ದಾಟಿದ ಮರಗಳೂ ಇಲ್ಲಿವೆ.

2020ರ ಆಗಸ್ಟ್ 16ರ ಬೆಳಗಿನ ಜಾವ ಈ ಬೆಟ್ಟಗಳ ಮೇಲೆ ಮಳೆಯಿಲ್ಲದೆ ಸಿಡಿಲು ಬಡಿಯಿತು. ಅಲ್ಲಲ್ಲಿ ಹತ್ತಿಕೊಂಡ ಸಣ್ಣ ಬೆಂಕಿಗಳು ಎರಡು ದಿನ ಬಿಟ್ಟು ಗಾಳಿ ಎದ್ದಾಗ ಒಂದಾದವು. ಸಿಜೆಡ್‌ಯು ಎಂದು ಕರೆಯಲಾದ ಆ ಕಾಡ್ಗಿಚ್ಚು 86 ಸಾವಿರಕ್ಕೂ ಹೆಚ್ಚು ಎಕರೆಯನ್ನು, 1,500ರ ಆಸುಪಾಸು ಕಟ್ಟಡಗಳನ್ನು, ಒಂದು ಜೀವವನ್ನು ತೆಗೆದುಕೊಂಡಿತು. ಬಿಗ್ ಬೇಸಿನ್‌ನ ಶೇ 97ರಷ್ಟು ಭಾಗಕ್ಕೆ ಬೆಂಕಿ ತಗುಲಿತು. 1930ರ ದಶಕದ ಮರದ ದಿಮ್ಮಿಯ ಕಚೇರಿ ಕಟ್ಟಡದಲ್ಲಿ ಉಳಿದದ್ದು ಕಲ್ಲಿನ ಮೆಟ್ಟಿಲು.

ರೆಡ್‌ವುಡ್‌ಗಳಲ್ಲಿ ಹೆಚ್ಚಿನವು ಮಾತ್ರ ಸಾಯಲಿಲ್ಲ. ಅವುಗಳ ತೊಗಟೆ ಒಂದು ಅಡಿಯವರೆಗೂ ದಪ್ಪ. ಕೆಲವೇ ತಿಂಗಳಲ್ಲಿ ಕರಕಲಾದ ಕಾಂಡದ ಉದ್ದಕ್ಕೂ ಹಸಿರು ಚಿಗುರು ಒಡೆಯಿತು. ಮರಗಳು ದಶಕಗಳ ಹಿಂದೆ ಬಿಸಿಲಿನಿಂದ ಮಾಡಿ ಕೂಡಿಟ್ಟುಕೊಂಡಿದ್ದ ಸಕ್ಕರೆಯನ್ನೇ ಈ ಚಿಗುರಿಗೆ ಉಣಿಸಿವೆ ಎಂದು 2023ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಜೊತೆಗಿದ್ದ ಡಗ್ಲಸ್ ಫರ್ ಮರಗಳಿಗೆ ಆ ಶಕ್ತಿಯಿಲ್ಲ. ಅವು ರಾಶಿ ರಾಶಿಯಾಗಿ ಒಣಗಿ ನಿಂತವು.

ಕಾಡು ಹೀಗೆ ತನ್ನ ಪಾಡಿಗೆ ತಾನು ಮರಳುತ್ತದೆ, ಕಾಲುದಾರಿ ಮರಳುವುದಿಲ್ಲ. ಅಷ್ಟೇ ಅಲ್ಲ, ಮರಳುವ ಕಾಡೇ ದಾರಿಯನ್ನು ನುಂಗುತ್ತದೆ. ಸಿಯನೋಥಸ್ ಎಂಬ ನೀಲಿ ಹೂವಿನ ಪೊದೆಯ ಬೀಜ ಮಣ್ಣಿನಲ್ಲಿ ಎಷ್ಟೋ ದಶಕ ಸುಮ್ಮನೆ ಬಿದ್ದಿದ್ದು, ಬೆಂಕಿಯ ಶಾಖಕ್ಕೆ ಸಿಪ್ಪೆ ಬಿರಿದು ಮೊಳೆಯುತ್ತದೆ. ನೆರಳು ಸುಟ್ಟುಹೋದ ಮೇಲೆ ಬಿಸಿಲಿಗೇನು ಕೊರತೆ? ಕೆಲವೇ ವರ್ಷಗಳಲ್ಲಿ ಆಳೆತ್ತರದ ಗೋಡೆ. ಅದರಡಿ ದಾರಿ ಇತ್ತೆಂಬುದಕ್ಕೆ ನೆಲದ ಸಮತಟ್ಟು ಮಾತ್ರ ಗುರುತು. ಮಣ್ಣಿನೊಳಗೆ ಬೇರುಗಳು ಉರಿದು ಬೂದಿಯಾದಲ್ಲಿ ಟೊಳ್ಳು, ಕಾಲಿಟ್ಟರೆ ಕುಸಿತ. ಸೇತುವೆ, ಮೆಟ್ಟಿಲು, ಇಳಿಜಾರಿನ ಮಣ್ಣು ಹಿಡಿದಿದ್ದ ದಿಮ್ಮಿ ಬಹುಪಾಲು ಮರದವೇ ಆಗಿದ್ದರಿಂದ ಹೆಚ್ಚಿನವು ಉಳಿಯಲಿಲ್ಲ.

ಉದ್ಯಾನದ ಸಿಬ್ಬಂದಿಯಿಂದ ಮಾತ್ರ ಮುಗಿಯುವ ಕೆಲಸ ಇದಲ್ಲ. ಸಾಂಟಾ ಕ್ರೂಜ್ ಮೌಂಟನ್ಸ್ ಟ್ರೇಲ್ ಸ್ಟೀವರ್ಡ್‌ಶಿಪ್‌ನಂಥ ಸಂಸ್ಥೆಗಳು ಈ ಬೆಟ್ಟಗಳಲ್ಲಿ ಸ್ವಯಂಸೇವಕರನ್ನು ಕೂಡಿಸಿ ಕೆಲಸದ ದಿನಗಳನ್ನು ನಡೆಸುತ್ತವೆ. ಮೊದಲ ಸೂಚನೆ ತಲೆಯ ಮೇಲಿನದು: ಸತ್ತ ಕೊಂಬೆ ಜೋತಾಡುವ ಮರದಡಿ ನಿಲ್ಲಬೇಡಿ. ಎರಡನೆಯದು ಅಂತರ: ಹತಾರ ಬೀಸುವವರ ನಡುವೆ ಹತ್ತು ಅಡಿ. ಮೂರನೆಯದು ಪಾಯ್ಸನ್ ಓಕ್. ಮೂರೆಲೆಯ ಈ ಗಿಡಕ್ಕೆ ಇಲ್ಲಿನವರು ಹೆದರುವುದು ಮಲೆನಾಡಿನವರು ಹೊಳಗೇರಿನ ಸೊನೆಗೆ ಹೆದರುವಂತೆ. ಎರಡೂ ಗೇರಿನ ಕುಟುಂಬದವೇ.

ಪೊದೆ ಕಡಿಯುವುದಕ್ಕೂ ರೀತಿಯಿದೆ. ಬುಡವನ್ನು ನೆಲಮಟ್ಟಕ್ಕೆ ಕತ್ತರಿಸಬೇಕು, ಮೊಳದುದ್ದ ಬಿಟ್ಟರೆ ಎಡವಿ ಬಿದ್ದವರಿಗೆ ಅದೇ ಶೂಲ. ಕಡಿದ ಕೊಂಬೆಯನ್ನು ಇಳಿಜಾರಿನ ಕೆಳಗೆ, ಕತ್ತರಿಸಿದ ತುದಿ ದಾರಿಗೆ ಕಾಣದಂತೆ ಎಸೆಯಬೇಕು. ಆಮೇಲೆ ಮೆಕ್‌ಲೌಡ್ ಹಿಡಿಯುತ್ತಾರೆ. ಒಂದು ಬದಿ ಗುದ್ದಲಿಯ ಅಗಲ ಅಲಗು, ಇನ್ನೊಂದು ಬದಿ ದಪ್ಪ ಹಲ್ಲುಗಳಿರುವ ಈ ಹತಾರವನ್ನು 1905ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಅರಣ್ಯ ರೇಂಜರ್ ರೂಪಿಸಿದ. ದಾರಿಯ ಹೊರ ಅಂಚಿನಲ್ಲಿ ಕಟ್ಟಿಕೊಂಡ ಬದುವನ್ನು ಅದರಿಂದ ಒಡೆದು, ನೆಲಕ್ಕೆ ಹೊರಗಡೆ ತುಸು ವಾಟ ಕೊಡಬೇಕು. ವಾಟ ತಪ್ಪಿದರೆ ಮಳೆನೀರು ಅಡ್ಡ ದಾಟುವ ಬದಲು ದಾರಿಗುಂಟ ಓಡಿ ಅದನ್ನೇ ಕಾಲುವೆ ಮಾಡುತ್ತದೆ. ಬೆಳಗಿನಿಂದ ಬೆನ್ನು ಬಗ್ಗಿಸಿದರೂ ಒಂದು ಗುಂಪು ಬಿಡಿಸುವುದು ಸ್ವಲ್ಪವೇ ದೂರ. ಬೆಂಕಿಗೆ ಮೊದಲು ಇಲ್ಲಿದ್ದ ದಾರಿಗಳು 80 ಮೈಲಿಗೂ ಹೆಚ್ಚು.

ಇಲ್ಲಿನ ದಾರಿಗಳ ಹುಟ್ಟಿನಲ್ಲೂ ಇಂಥ ಕೈಗಳಿವೆ. ಬೆಟ್ಟದ ನೆತ್ತಿಯಿಂದ ಕಡಲಿಗೆ ಇಳಿಯುವ ಸ್ಕೈಲೈನ್ ಟು ದಿ ಸೀ ದಾರಿಯ ಭಾಗವೊಂದನ್ನು 1969ರ ಒಂದೇ ವಾರಾಂತ್ಯದಲ್ಲಿ ಎರಡು ಸಾವಿರಕ್ಕೂ ಮಿಕ್ಕ ಜನ ಸೇರಿ ಕಡಿದಿದ್ದರು.

ಕರ್ನಾಟಕದವರಿಗೆ ಇದೆಲ್ಲ ದೂರದ ಸಂಗತಿ ಅನ್ನಿಸಬಾರದು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಮೈಸೂರು, ಬೆಂಗಳೂರಿನಿಂದ ಹುಡುಗ ಹುಡುಗಿಯರು ಓಡಿಬಂದು ಸೊಪ್ಪಿನಿಂದ ಬೆಂಕಿ ಬಡಿದರು. ಅಲ್ಲಿ ಉರಿಗೆ ಮೇವಾದದ್ದು ಲಂಟಾನ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಸಕಾಲಕ್ಕೆ ‘ತರಗು ಬೆಂಕಿ’ ಹಾಕುತ್ತಿದ್ದರು. 1974ರಲ್ಲಿ ಬೆಟ್ಟ ಅಭಯಾರಣ್ಯವಾಗಿ ಆ ಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತು ಎಂಬುದು ಅವರ ಮಾತು. ಬಿಗ್ ಬೇಸಿನ್ ಸುತ್ತಲಿನ ಮೂಲನಿವಾಸಿಗಳೂ ನೆಲಕ್ಕೆ ಹೀಗೆಯೇ ಬೆಂಕಿಯಿಡುತ್ತಿದ್ದರು, 1793ರಲ್ಲಿ ಸ್ಪ್ಯಾನಿಷ್ ಗವರ್ನರ್ ನಿಷೇಧಿಸುವವರೆಗೆ. ಇಂದು ಅಮಾ ಮುಟ್ಸುನ್ ಬುಡಕಟ್ಟಿನ ಟ್ರಸ್ಟ್ ಆ ಅರಿವನ್ನು ಇದೇ ಬೆಟ್ಟಗಳಿಗೆ ಮರಳಿ ತರುತ್ತಿದೆ. ದಾರಿ ಬಿಡಿಸುವ ನಾವು ಅವರ ಮಾತನ್ನೂ ಕೇಳಬೇಕು. ಮುಂದಿನ ಬೆಂಕಿ ಎಷ್ಟು ಉಗ್ರವಾಗಿರುತ್ತದೆ ಎಂಬುದು ನೆಲದ ಮೇಲೆ ಎಷ್ಟು ತರಗು, ಒಣ ಪೊದೆ ಇದೆ ಎಂಬುದನ್ನೂ ಅವಲಂಬಿಸಿದೆ.

ಬಿಗ್ ಬೇಸಿನ್ 2022ರ ಜುಲೈನಲ್ಲಿ ಸೀಮಿತವಾಗಿ ಮತ್ತೆ ತೆರೆಯಿತು. ದಾರಿ ಬಿಡಿಸುವ ಕೆಲಸಕ್ಕೆ ಬರಲು ಅನುಭವ ಬೇಕಿಲ್ಲ. ಹತಾರ, ಹೆಲ್ಮೆಟ್ ಸಾಮಾನ್ಯವಾಗಿ ಸಂಘಟಕರೇ ಕೊಡುತ್ತಾರೆ. ಪೂರ್ತಿ ತೋಳಿನ ಹಳೆಯ ಅಂಗಿ, ಗಟ್ಟಿ ಬೂಟು, ಧಾರಾಳ ನೀರು, ಮಧ್ಯಾಹ್ನಕ್ಕೆ ಬುತ್ತಿ ನಿಮ್ಮದು. ಮನೆಗೆ ಬಂದೊಡನೆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ, ಪಾಯ್ಸನ್ ಓಕ್‌ನ ಎಣ್ಣೆ ನೂಲಿಗೂ ಅಂಟುತ್ತದೆ.