ಕ್ರೋಶಾ ನಕ್ಷೆಯನ್ನು ಓದುವ ಬಗೆ

ಕ್ರೋಶಾ ಕಡ್ಡಿ ಹಿಡಿಯಬಲ್ಲ ಗೃಹಿಣಿಯರಿಗೆ ನಮ್ಮ ಊರುಗಳಲ್ಲಿ ಬರವಿಲ್ಲ. ಬಾಗಿಲ ತೋರಣ, ಮೇಜಿನ ಹಾಸು, ಕೂಸಿನ ಕುಲಾವಿ, ಒಂದು ಕಾಲಕ್ಕೆ ರೇಡಿಯೋ ಪೆಟ್ಟಿಗೆಯ ಮೇಲಿನ ಹೊದಿಕೆ, ಇವೆಲ್ಲ ಅವರ ಬಿಡುವಿನ ವೇಳೆಯಲ್ಲಿ ಹುಟ್ಟಿಬಂದವು. ಆದರೆ ಇವರಲ್ಲಿ ಬಹುಮಂದಿ ಈ ಕೆಲಸವನ್ನು ಕಲಿತದ್ದು ಕಣ್ಣಿನಿಂದ. ತಾಯಿಯೋ ಅತ್ತೆಯೋ ನೆರೆಮನೆಯಾಕೆಯೋ ಹೆಣೆಯುತ್ತಿದ್ದಾಗ ಪಕ್ಕದಲ್ಲಿ ಕುಳಿತು ನೋಡಿದರು, ಕೈಗೆ ಬಂತು. ಅದೇ ಗೃಹಿಣಿಯ ಮುಂದೆ ಹೆಣಿಗೆಯ ಪುಸ್ತಕವೊಂದನ್ನು ತೆರೆದಿಟ್ಟು ನೋಡಿ. ಹೂವಿನ ಚಿತ್ರದ ಪಕ್ಕದಲ್ಲಿ ಸೊನ್ನೆ, ಗೀಟು, ಕಂಬಗಳಿಂದ ತುಂಬಿದ ನಕ್ಷೆಯನ್ನು ಕಂಡೊಡನೆ, 'ಇದು ಓದಿದವರಿಗೆ, ಇಂಗ್ಲಿಷ್ ಬಂದವರಿಗೆ' ಎಂದು ಪುಸ್ತಕವನ್ನು ಮುಚ್ಚಿಬಿಡುತ್ತಾರೆ.

ನಿಜಸ್ಥಿತಿ ಇದಕ್ಕೆ ತಿರುಗುಮುರುಗು. ಇಂಗ್ಲಿಷ್ ಬೇಕಾಗುವುದು ಮಾತಿನಲ್ಲಿ ಬರೆದ ವಿವರಣೆಗೆ. ನಕ್ಷೆಗೆ ಯಾವ ಭಾಷೆಯೂ ಬೇಡ. ಜಪಾನಿನಲ್ಲಿಯೋ ರಷ್ಯದಲ್ಲಿಯೋ ಅಚ್ಚಾದ ಪುಸ್ತಕದ ನಕ್ಷೆಯನ್ನು ಕನ್ನಡವೊಂದನ್ನೇ ಬಲ್ಲ ಹೆಣ್ಣುಮಗಳು ಓದಿ ಹೆಣೆಯಬಹುದು. ಇದಕ್ಕಾಗಿ ಕಲಿಯಬೇಕಾದ ಮುಖ್ಯ ಗುರುತುಗಳು ಆರೇ ಆರು.

ಮಾತಿನ ವಿವರಣೆಯನ್ನು ನಂಬಿ ಕೆಟ್ಟವರು ಇಂಗ್ಲಿಷ್ ಬಲ್ಲವರಲ್ಲಿಯೂ ಇದ್ದಾರೆ. ಕಾರಣ ಕೇಳಿ. ಬ್ರಿಟನ್ನಿನವರೂ ಅಮೆರಿಕದವರೂ ಒಂದೇ ಹೆಸರನ್ನು ಬೇರೆ ಬೇರೆ ಹೆಣಿಗೆಗೆ ಇಟ್ಟುಕೊಂಡಿದ್ದಾರೆ. ಬ್ರಿಟನ್ನಿನಲ್ಲಿ 'ಡಬಲ್ ಕ್ರೋಶೆ' ಎಂದರೆ ಗಿಡ್ಡ ಹೆಣಿಗೆ. ಅದನ್ನೇ ಅಮೆರಿಕದವರು 'ಸಿಂಗಲ್' ಎನ್ನುತ್ತಾರೆ. ಬ್ರಿಟನ್ನಿನ 'ಟ್ರೆಬಲ್' ಅಮೆರಿಕದಲ್ಲಿ 'ಡಬಲ್'. ಭಾರತಕ್ಕೆ ಈ ಕಲೆ 19ನೆಯ ಶತಮಾನದಲ್ಲಿ ಬಹುಮಟ್ಟಿಗೆ ಮಿಷನರಿಗಳ ಮನೆ, ಶಾಲೆಗಳ ಮೂಲಕ ಬಂತು. ಆಂಧ್ರದ ನರಸಾಪುರದ ಸುತ್ತಿನ ಹಳ್ಳಿಗಳಲ್ಲಿ ಹೀಗೆ ಬೇರೂರಿದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಆದ್ದರಿಂದ ನಮ್ಮಲ್ಲಿ ಹಳಬರ ಬಾಯಲ್ಲಿ ಬ್ರಿಟಿಷ್ ಹೆಸರುಗಳಿವೆ. ಈಚಿನ ಅನೇಕ ಪಾಠಗಳಲ್ಲಿ ಅಮೆರಿಕದ ಹೆಸರುಗಳಿವೆ. ಅಜ್ಜಿ 'ಡಬಲ್' ಎಂದದ್ದೂ ಮೊಮ್ಮಗಳು 'ಡಬಲ್' ಎಂದದ್ದೂ ಒಂದಲ್ಲ. ಅಮೆರಿಕದ ವಿವರಣೆಯನ್ನು ಬ್ರಿಟಿಷ್ ಅರ್ಥದಲ್ಲಿ ಹೆಣೆದರೆ ಎತ್ತರವಾಗಿರಬೇಕಾದ ಸುತ್ತು ಕುಗ್ಗಿ, ಹಾಸು ಅಂಚಿನಲ್ಲಿ ಸೆಟೆದು ನಿಲ್ಲುತ್ತದೆ. ನಕ್ಷೆಯಲ್ಲಿ ಈ ಗೊಂದಲವೇ ಹುಟ್ಟುವುದಿಲ್ಲ, ಏಕೆಂದರೆ ಅದು ಹೆಣಿಗೆಯ ಹೆಸರನ್ನು ಹೇಳದೆ ಅದರ ಆಕಾರವನ್ನೇ ಬರೆದು ತೋರಿಸುತ್ತದೆ.

ನಮ್ಮ ನೆರೆಯ ಮರಾಠಿ ಹೆಣ್ಣುಮಕ್ಕಳ ಹೆಸರುಗಳು ನನಗೆ ಈ ಎರಡಕ್ಕಿಂತ ಹೆಚ್ಚು ಮೆಚ್ಚುಗೆ. ಅವರು ಸಾಖಳಿ, ಮುಕಾ ಖಾಂಬ್, ಖಾಂಬ್ ಎನ್ನುತ್ತಾರೆ. ನಾವೂ ಸರಪಳಿ, ಮೂಕ ಕಂಬ, ಕಂಬ ಎಂದುಕೊಂಡರೆ ನಕ್ಷೆಯ ಆಕಾರಕ್ಕೆ ಹೆಸರು ತಾನಾಗಿ ಹೊಂದಿಕೊಳ್ಳುತ್ತದೆ.

ಈಗ ಗುರುತುಗಳನ್ನು ನೋಡೋಣ. ಒಂದು ಕಾಗದ, ಸೀಸದ ಕಡ್ಡಿ ಹತ್ತಿರವಿಟ್ಟುಕೊಂಡು ಬರೆಯುತ್ತಾ ಹೋಗಿ. ಜೀರಿಗೆಯ ಕಾಳಿನಂತಹ ಉದ್ದುದ್ದನೆಯ ಪುಟ್ಟ ಸೊನ್ನೆ ಸರಪಳಿಯ ಒಂದು ಕೊಂಡಿ. ಐದು ಸೊನ್ನೆ ಕಂಡರೆ ಐದು ಸರಪಳಿ ಎಂದರ್ಥ. ಸಾಸಿವೆಯಂತಹ ತುಂಬಿದ ಚುಕ್ಕೆ ಸ್ಲಿಪ್ ಸ್ಟಿಚ್, ಅಂದರೆ ಎತ್ತರವಿಲ್ಲದೆ ಕೇವಲ ಸೇರಿಸುವ ಅಥವಾ ಜಾಗ ಬದಲಿಸುವ ಹೆಣಿಗೆ. ಮೇಷ್ಟರು ತಪ್ಪು ಲೆಕ್ಕದ ಮೇಲೆ ಹಾಕುವಂತಹ ಕತ್ತರಿ ಗುರುತು ಮೂಕ ಕಂಬ. ಕೆಲವು ದೇಶಗಳ ಪುಸ್ತಕಗಳಲ್ಲಿ ಇದನ್ನೇ ಸಂಕಲನದ ಗುರುತಿನಂತೆ ನೆಟ್ಟಗೆ ಬರೆಯುತ್ತಾರೆ. ನೆಟ್ಟ ಗೀಟಿನ ತಲೆಯ ಮೇಲೆ ಅಡ್ಡಗೀಟು, ಇಂಗ್ಲಿಷಿನ ಟೀ ಅಕ್ಷರದಂತೆ, ಇದ್ದರೆ ಅದು ಅರ್ಧ ಕಂಬ. ಅದೇ ಆಕಾರದ ನಡುವಿಗೆ ಒಂದು ಓರೆಗೀಟು ಬಿದ್ದರೆ ಕಂಬ; ಎರಡು ಓರೆಗೀಟು ಬಿದ್ದರೆ ಎತ್ತರದ ಕಂಬ.

ಓರೆಗೀಟಿನ ಗುಟ್ಟು ತಿಳಿದರೆ ಮುಂದಿನದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಡ್ಡಿಯನ್ನು ಕೆಳಗಿನ ಹೆಣಿಗೆಯೊಳಗೆ ತೂರಿಸುವ ಮೊದಲು ಅದಕ್ಕೆ ಎಷ್ಟು ಸಲ ದಾರ ಸುತ್ತಿಕೊಳ್ಳಬೇಕೋ ಅಷ್ಟು ಓರೆಗೀಟು. ಮೂರು ಗೀಟು ಕಂಡರೆ ಮೂರು ಸುತ್ತು. ನೀವು ಹಿಂದೆ ಎಂದೂ ಹೆಣೆಯದ ಕಂಬವಾದರೂ ಹೆಣೆಯಬಹುದು. ಅರ್ಧ ಕಂಬವೊಂದು ಮಾತ್ರ ಈ ನಿಯಮಕ್ಕೆ ಒಗ್ಗುವುದಿಲ್ಲ. ಅದಕ್ಕೂ ಒಂದು ಸಲ ದಾರ ಸುತ್ತಿಕೊಳ್ಳುತ್ತೇವೆ. ಆದರೆ ಕಡೆಯಲ್ಲಿ ಮೂರು ಕುಣಿಕೆಗಳಿಂದಲೂ ಒಂದೇ ಸಲಕ್ಕೆ ದಾರ ಎಳೆದುಬಿಡುವುದರಿಂದ ಅದು ಗಿಡ್ಡಾಗುತ್ತದೆ, ಗೀಟಿಲ್ಲದೆ ನಿಲ್ಲುತ್ತದೆ.

ಗುರುತುಗಳು ಎಲ್ಲಿ ಕೂಡುತ್ತವೆ ಎಂಬುದನ್ನೂ ಗಮನಿಸಬೇಕು. ಮೂರು ಕಂಬಗಳ ಬುಡ ಒಂದೇ ಬಿಂದುವಿನಲ್ಲಿ ಕೂಡಿ ತಲೆಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದರೆ, ಮೂರನ್ನೂ ಒಂದೇ ಹೆಣಿಗೆಯಲ್ಲಿ ಹಾಕಬೇಕು. ಅಲ್ಲಿ ಅಗಲ ಹೆಚ್ಚುತ್ತದೆ. ಬುಡಗಳು ಬೇರೆಯಾಗಿದ್ದು ತಲೆಗಳು ಒಂದಾಗಿದ್ದರೆ ಮೂರನ್ನೂ ಕೊನೆಯಲ್ಲಿ ಒಟ್ಟಿಗೆ ಮುಗಿಸಬೇಕು. ಅಲ್ಲಿ ಅಗಲ ತಗ್ಗುತ್ತದೆ. ಬುಡವೂ ತಲೆಯೂ ಕೂಡಿದ್ದರೆ ಅದೊಂದು ಮೊಗ್ಗು. ಬುಡಗಳು ಸೊನ್ನೆಗಳ ಸಾಲಿನ ಮೇಲೆ, ಯಾವ ಸೊನ್ನೆಯನ್ನೂ ಮುಟ್ಟದೆ ನಿಂತಿದ್ದರೆ ಸರಪಳಿಯನ್ನು ಚುಚ್ಚುವ ಅಗತ್ಯವಿಲ್ಲ. ಅದರ ಕೆಳಗಿನ ಕಿಂಡಿಯೊಳಗೆ ಕಡ್ಡಿ ತೂರಿಸಿ ಹೆಣೆದರೆ ಸಾಕು. ಈ ಕೊನೆಯ ವ್ಯತ್ಯಾಸ ಕೂದಲೆಳೆಯಷ್ಟು. ಆದ್ದರಿಂದ ಮೊದಮೊದಲು ದೊಡ್ಡದಾಗಿ ಅಚ್ಚಾದ ನಕ್ಷೆಯನ್ನೇ ಆರಿಸಿಕೊಳ್ಳಿ.

ಬರಿದಾದ ಚಿಕ್ಕ ತ್ರಿಕೋನ ಕಂಡರೆ ಅಲ್ಲಿ ಹೊಸ ದಾರ ಸೇರಿಸಬೇಕು. ತುಂಬಿದ ತ್ರಿಕೋನ ಕಂಡರೆ ದಾರ ಕತ್ತರಿಸಬೇಕು. ಕಂಬದ ಬುಡ ಕೊಕ್ಕೆಯಂತೆ ಬಾಗಿರುವುದು ಮೊದಲಾದ ವಿಶೇಷ ಗುರುತುಗಳೂ ಉಂಟು. ಇವು ಪುಸ್ತಕದಿಂದ ಪುಸ್ತಕಕ್ಕೆ ಕೊಂಚ ಬದಲಾಗುವುದರಿಂದ ಆಯಾ ಪುಸ್ತಕದ ಗುರುತುಪಟ್ಟಿಯನ್ನೇ ನೋಡುವುದು ಮೇಲು. ಜಪಾನೀಯರು ಈ ವಿಷಯದಲ್ಲಿ ಬಲು ಶಿಸ್ತಿನವರು. ತಿರುಪು ಮೊಳೆಗಳಿಗೆ ಇರುವಂತೆ ಹೆಣಿಗೆಯ ಗುರುತುಗಳಿಗೂ ಅಲ್ಲಿ ಕೈಗಾರಿಕಾ ಮಾನಕವಿದೆ. ಆದ್ದರಿಂದ ಅಲ್ಲಿಯ ಒಂದು ಪುಸ್ತಕವನ್ನು ಓದಲು ಬಂದರೆ ಉಳಿದವು ತಾವಾಗಿ ಬರುತ್ತವೆ.

ಓದುವ ದಿಕ್ಕು ನಮ್ಮ ಬರವಣಿಗೆಯ ದಿಕ್ಕಲ್ಲ. ಸಾಲು ಸಾಲಾಗಿ ಹೆಣೆಯುವ ನಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ, ಗೋಡೆ ಕಟ್ಟುವಂತೆ ಓದಬೇಕು. ಮೊದಲ ಸಾಲು ಬಲದಿಂದ ಎಡಕ್ಕೆ, ಕೆಲಸವನ್ನು ತಿರುಗಿಸಿಕೊಂಡ ಮೇಲೆ ಎರಡನೆಯದು ಎಡದಿಂದ ಬಲಕ್ಕೆ, ಹೀಗೆ ನೇಗಿಲ ಸಾಲಿನಂತೆ. ಸಾಲಿನ ಅಂಕಿ ಯಾವ ಬದಿಯಲ್ಲಿದೆಯೋ ಆ ಬದಿಯಿಂದ ಹೊರಡಬೇಕು. ದುಂಡು ನಕ್ಷೆಯಾದರೆ ನಡುವಿನಿಂದ ಹೊರಕ್ಕೆ, ಗಡಿಯಾರದ ಮುಳ್ಳಿಗೆ ಎದುರಾಗಿ. ಎಡಗೈಯವರು ಈ ದಿಕ್ಕುಗಳನ್ನು ಮಗುಚಿಕೊಳ್ಳಬೇಕು.

ಒಂದು ಪುಟ್ಟ ಲೋಟದ ಮುಚ್ಚಳವನ್ನು ಓದಿ ನೋಡೋಣ. ನಕ್ಷೆಯ ನಡುವೆ ಆರು ಸೊನ್ನೆಗಳ ಬಳೆ, ಅದನ್ನು ಕೂಡಿಸುವ ಒಂದು ಚುಕ್ಕೆ. ಬಳೆಯ ಮೇಲೆ ಒಂದರ ಮೇಲೊಂದು ನಿಂತ ಮೂರು ಸೊನ್ನೆ. ಇದು ಸುತ್ತಿನ ಮೆಟ್ಟಿಲು, ಒಂದು ಕಂಬದ ಎತ್ತರಕ್ಕೆ ಸಮ, ಲೆಕ್ಕದಲ್ಲಿ ಒಂದು ಕಂಬವೇ. (ಮೂಕ ಕಂಬಕ್ಕೆ ಒಂದು, ಅರ್ಧ ಕಂಬಕ್ಕೆ ಎರಡು, ಎತ್ತರದ ಕಂಬಕ್ಕೆ ನಾಲ್ಕು ಸರಪಳಿಯ ಮೆಟ್ಟಿಲು.) ಅದರ ಪಕ್ಕದಲ್ಲಿ ಬಳೆಯೊಳಗೆ ಕಾಲಿಟ್ಟ 15 ಕಂಬಗಳು; ಮೆಟ್ಟಿಲೂ ಸೇರಿ 16. ಮೆಟ್ಟಿಲಿನ ಮೂರನೆಯ ಸರಪಳಿಗೆ ಚುಕ್ಕೆ. ಎರಡನೆಯ ಸುತ್ತಿನ ಆರಂಭಕ್ಕೆ ನಾಲ್ಕು ಸೊನ್ನೆ. ಮೂರು ಮೆಟ್ಟಿಲಿಗೆ, ಒಂದು ಕಿಂಡಿಗೆ. ಅನಂತರ ಕೆಳಗಿನ ಪ್ರತಿ ಕಂಬದ ತಲೆಯ ಮೇಲೂ ಒಂದು ಕಂಬ, ಒಂದು ಸರಪಳಿ. ಸುತ್ತನ್ನು ಕೂಡಿಸುವುದು ಮತ್ತೆ ಮೂರನೆಯ ಸರಪಳಿಗೇ. ಆಗ ಕಿಂಡಿಗಳು 16. ಮೂರನೆಯ ಸುತ್ತಿನಲ್ಲಿ ಮೊದಲು ಒಂದು ಚುಕ್ಕೆಯಿಂದ ಪಕ್ಕದ ಕಿಂಡಿಗೆ ಸರಿದು, ಪ್ರತಿ ಕಿಂಡಿಯಲ್ಲಿಯೂ ಎರಡು ಕಂಬ, ಒಂದು ಸರಪಳಿ. ಇಲ್ಲಿಯೂ ಮೊದಲ ಕಂಬಕ್ಕೆ ಬದಲಾಗಿ ಮೂರು ಸರಪಳಿ. ನಾಲ್ಕನೆಯದು ಅಂಚು: ಕಿಂಡಿಗೊಂದು ಮೂಕ ಕಂಬ, ನಡುವೆ ನಾಲ್ಕು ಸರಪಳಿಯ ಕಮಾನು, ಒಟ್ಟು 16 ಕಮಾನು.

ಮೊದಲ ಮೂರು ಸುತ್ತುಗಳಲ್ಲಿ ಸರಪಳಿಯೂ ಸೇರಿದಂತೆ ಹೆಣಿಗೆಗಳ ಲೆಕ್ಕ 16, 32, 48 ಎಂದು ಒಂದೇ ಸಮನಾಗಿ ಏರುವುದನ್ನು ಗಮನಿಸಿದಿರಾ? ಹಾಸು ಚಪ್ಪಟೆಯಾಗಿ ಕೂರುವುದು ಇದರಿಂದಲೇ. ಏರಿಕೆ ಸಾಲದಿದ್ದರೆ ಅದು ಬಟ್ಟಲಾಗುತ್ತದೆ, ಅತಿಯಾದರೆ ಹಪ್ಪಳದಂತೆ ಅಂಚು ಏಳುತ್ತದೆ. ಕಡ್ಡಿ ಹಿಡಿಯುವ ಮೊದಲೇ ನಕ್ಷೆಯಲ್ಲಿ ಈ ಲೆಕ್ಕ ಹಾಕಿ ನೋಡಬಹುದು. ದೊಡ್ಡ ಹಾಸಿನ ನಕ್ಷೆಯಲ್ಲಿ ಪೂರ್ತಿ ದುಂಡನ್ನು ಬರೆಯದೆ ಹೋಳಿಗೆಯ ಒಂದು ತುಂಡಿನಷ್ಟನ್ನು ಮಾತ್ರ ಬರೆದಿರುತ್ತಾರೆ. ಉಳಿದ ತುಂಡುಗಳೂ ಅದರಂತೆಯೇ.

ಇನ್ನು ಚೌಕುಳಿಯ ನಕ್ಷೆ. ಗಿಳಿ, ನವಿಲು, 'ಸುಸ್ವಾಗತ' ಎಂಬ ಅಕ್ಷರಗಳು ಮೂಡುವ ತೋರಣಗಳು ಈ ಜಾತಿಯವು. ಇಲ್ಲಿ ಗುರುತುಗಳೂ ಇಲ್ಲ, ಗ್ರಾಫ್ ಹಾಳೆಯ ಮೇಲೆ ಖಾಲಿ ಮನೆ ಮತ್ತು ತುಂಬಿದ ಮನೆ, ಎರಡೇ. ಖಾಲಿ ಮನೆಗೆ ಎರಡು ಸರಪಳಿ, ಒಂದು ಕಂಬ; ತುಂಬಿದ ಮನೆಗೆ ಮೂರು ಕಂಬ. ಅಡಿಪಾಯದ ಸರಪಳಿಗೆ ಮನೆಗಳ ಸಂಖ್ಯೆಯನ್ನು ಮೂರರಿಂದ ಗುಣಿಸಿ, ಮೊದಲ ಮನೆ ಖಾಲಿಯಾದರೆ ಐದು ಕೂಡಿಸಿ ಕಡ್ಡಿಯಿಂದ ಎಂಟನೆಯ ಸರಪಳಿಯಲ್ಲಿ ಮೊದಲ ಕಂಬ ಹಾಕಿ. ತುಂಬಿದ್ದಾದರೆ ಮೂರು ಕೂಡಿಸಿ ನಾಲ್ಕನೆಯದರಲ್ಲಿ ಹಾಕಿ. 20 ಮನೆಯ ಪಟ್ಟಿ ಖಾಲಿ ಮನೆಯಿಂದ ಆರಂಭವಾದರೆ 65 ಸರಪಳಿ. ಚುಕ್ಕಿ ರಂಗೋಲಿ ಬಲ್ಲವರಿಗೆ ಇದು ಆಟ. ಆದರೆ ಕನ್ನಡದ ಅಕ್ಷರಗಳನ್ನು ಬರೆಯುವಾಗ ಎರಡು ಎಚ್ಚರಿಕೆ ಬೇಕು. ಒತ್ತಕ್ಷರಕ್ಕೆ ಕೆಳಗೆ ಸಾಕಷ್ಟು ಸಾಲು ಬಿಟ್ಟಿರಬೇಕು. ಹೆಣೆದ ಮನೆ ಕಾಗದದ ಮನೆಯಂತೆ ಸರಿಚೌಕವಾಗಿ ಬರುವುದು ಅಪರೂಪ. ಹತ್ತು ಮನೆ ಅಗಲ, ಹತ್ತು ಸಾಲು ಎತ್ತರದ ಮಾದರಿಯನ್ನು ಹೆಣೆದು ಅಳೆಯಿರಿ. ಅಗಲವೇ ಹೆಚ್ಚಾದರೆ ಅಕ್ಷರ ಕುಳ್ಳಾಗುತ್ತದೆ, ನಕ್ಷೆಗೆ ಸಾಲು ಸೇರಿಸಬೇಕು.

ಓದಲು ಬಂದವರಿಗೆ ಬರೆಯಲೂ ಬರುತ್ತದೆ. ಅನೇಕ ಮನೆಗಳ ಟ್ರಂಕಿನಲ್ಲಿ ಅಜ್ಜಿ ಹೆಣೆದ ಹಾಸೊಂದು ಮಡಿಸಿಟ್ಟಲ್ಲೇ ಹಳದಿಯಾಗುತ್ತಿದೆ. ಹೆಣೆದಾಕೆ ಇಲ್ಲ, ವಿವರಣೆಯನ್ನು ಅವರು ಯಾರಿಗೂ ಬರೆಸಿರಲಿಲ್ಲ, ಅವರಿಗೆ ಅದರ ಅಗತ್ಯವೂ ಇರಲಿಲ್ಲ. ಮಡಿಕೆಯ ಗುಂಟ ದಾರ ಹರಿಯುತ್ತ ಬಂದಿದೆ. ಹರಿದುಹೋದರೆ ಆ ವಿನ್ಯಾಸ ಲೋಕದಲ್ಲಿ ಬೇರೆಲ್ಲಿಯೂ ಇರಲಾರದು. ಅದನ್ನು ಕಪ್ಪು ಬಟ್ಟೆಯ ಮೇಲೆ ಹರಡಿ, ಎಳೆಯದೆ ಗುಂಡುಪಿನ್ನುಗಳಿಂದ ನಿಲ್ಲಿಸಿ. ಪೂರ್ತಿ ಬರೆಯುವ ಶ್ರಮ ಬೇಡ. ಮತ್ತೆ ಮತ್ತೆ ಬರುವ ಒಂದು ಭಾಗದ ಎರಡು ಕೊನೆಗಳಿಗೆ ಬಣ್ಣದ ದಾರ ಕಟ್ಟಿ, ಆ ಎರಡರ ನಡುವಣದನ್ನು ಮಾತ್ರ ಬರೆಯಿರಿ. ನಡುವಿನಿಂದ ಹೊರಕ್ಕೆ ಒಂದೊಂದೇ ಸುತ್ತನ್ನು ಎಣಿಸಿ, ಬೆಸ ಸುತ್ತುಗಳನ್ನು ಕಪ್ಪು ಸೀಸದಿಂದಲೂ ಸಮ ಸುತ್ತುಗಳನ್ನು ಕೆಂಪಿನಿಂದಲೂ ಬರೆದರೆ ಕಣ್ಣು ತಪ್ಪುವುದಿಲ್ಲ. ಕಂಬದ ಎತ್ತರ ಅನುಮಾನವಾದರೆ ಕಂಬದ ಮೈಮೇಲಿನ ಓರೆಸುತ್ತುಗಳನ್ನು ಭೂತಗನ್ನಡಿಯಲ್ಲಿ ಎಣಿಸಿ. ನಕ್ಷೆಯ ಓರೆಗೀಟುಗಳು ಅವುಗಳ ಚಿತ್ರವೇ. ಸವೆದು ಹರಿದ ಭಾಗಕ್ಕೆ ಎದುರು ಬದಿಯ ಗಟ್ಟಿ ಭಾಗವನ್ನು ನೋಡಿಕೊಳ್ಳಿ.

ಬರೆದ ಮೇಲೆ ಒಂದು ಭಾಗವನ್ನು ಅದೇ ಗಾತ್ರದ ದಾರದಿಂದ ಹೆಣೆದು ಹಳೆಯದರ ಮೇಲೆ ಇಟ್ಟು ನೋಡಿ. ದಾರದ ಅಂಕಿ ಹೆಚ್ಚಿದಷ್ಟೂ ದಾರ ಸಣ್ಣದು. 20ಕ್ಕಿಂತ 40 ಸಣ್ಣ. ಸರಿಹೊಂದಿದ ದಾರದ ಅಂಕಿ, ಕಡ್ಡಿಯ ಅಂಕಿ, ಹಾಸಿನ ಅಳತೆ, ಹೆಣೆದವರ ಹೆಸರು, ಇಷ್ಟನ್ನು ಹಾಳೆಯ ಮೂಲೆಯಲ್ಲಿ ಮಸಿಯಿಂದ ಬರೆದು, ಹಾಳೆಯನ್ನು ಹಾಸಿನ ಜೊತೆಗೆ ಮಡಿಸದೆ ಬೇರೆ ಕಡೆ ಇಡಿ.