ಬೀಡಿಂಗ್ ಬಿಸಾಡುವ ಮುನ್ನ

ಸಾಧಾರಣ ಗಾತ್ರದ ಕಾರಿಗೆ ದೊಡ್ಡ ವಿ8 ಎಂಜಿನ್ ಕೂರಿಸಿ, 1960ರ ದಶಕದಲ್ಲಿ ಅಮೆರಿಕದವರು ‘ಮಸಲ್ ಕಾರ್’ ಎಂದು ಕರೆದರು. ನಮ್ಮ ದೇಶದಲ್ಲಿ ಆ ಬಿರುದು ಸಿಕ್ಕಿದ್ದು ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸ್ಸಾಗೆ. 1984ರಲ್ಲಿ ರಸ್ತೆಗಿಳಿದಾಗ ಅದರೊಳಗೆ ಇದ್ದದ್ದು 1.5 ಲೀಟರಿನ ಪುಟ್ಟ ಎಂಜಿನ್. ಬಲಕ್ಕಿಂತ ಮೈಕಟ್ಟೇ ಜೋರು! ಆಮೇಲೆ ಇಸುಝು ಎಂಜಿನ್ ಬಂದು ಕಾರಿಗೆ ಜೀವ ಬಂತು. 2002ರಲ್ಲಿ ತಯಾರಿಕೆ ನಿಂತಿತು.

ಇಂಥ ಕಾರಿನ ಎಂಜಿನ್ ಕೆಟ್ಟರೆ ಹಳೇ ಮೆಕ್ಯಾನಿಕ್ ಯಾರಾದರೂ ಸರಿಮಾಡಿಯಾರು. ತಲೆನೋವು ಇರುವುದು ಹೊರಗಿನ ಅಲಂಕಾರದಲ್ಲಿ. ಗಾಜಿನ ಸುತ್ತಲಿನ ಹೊಳೆಯುವ ಪಟ್ಟಿ, ಗ್ರಿಲ್, ಬಂಪರ್, ಲಾಂಛನ ಇವೆಲ್ಲ ಸೊಟ್ಟಗಾದರೆ, ತುಕ್ಕು ಹಿಡಿದರೆ ಕಂಪನಿಯಿಂದ ಹೊಸದು ಬರುವುದಿಲ್ಲ. ಗ್ಯಾರೇಜಿನವರ ಭಾಷೆಯಲ್ಲಿ ಪಟ್ಟಿಗಳಿಗೆಲ್ಲ ಒಂದೇ ಹೆಸರು: ಬೀಡಿಂಗ್. ದಾಸರಹಳ್ಳಿಯಲ್ಲಿರುವ ನಮ್ಮ ದೊಡ್ಡಪ್ಪನ ಕಾಂಟೆಸ್ಸಾ ನೋಡಿದ ಅಂಗಡಿಯವರೊಬ್ಬರು, ‘ಎಲ್ಲಾ ಕಿತ್ತು ಬಿಸಾಡಿ, ಕ್ರೋಮ್ ಟೇಪ್ ಅಂಟಿಸಿಬಿಡೋಣ’ ಎಂದಿದ್ದರು. ದೊಡ್ಡಪ್ಪ ಒಪ್ಪಲಿಲ್ಲ. ಹೀಗಾಗಿ ರಜೆಯಲ್ಲಿ ನಾನು ಪೀಣ್ಯದ ಟಿಂಕರಿಂಗ್ ಮೇಸ್ತ್ರಿಯೊಬ್ಬರ ಜೊತೆ ಕೈಜೋಡಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ: ‘ಏನಪ್ಪಾ ಎಂಜಿನಿಯರೇ, ಇದು ಯಾವ ಲೋಹ ಹೇಳು ನೋಡೋಣ?’

<b>ಹೊಳೆಯುವುದೆಲ್ಲ ಕ್ರೋಮ್ ಅಲ್ಲ</b>

ಹಳೇ ಕಾರುಗಳಲ್ಲಿ ಹೊಳೆಯುವ ಭಾಗಗಳು ಸಾಮಾನ್ಯವಾಗಿ ಐದು ಬಗೆ. ಸ್ಟೇನ್‌ಲೆಸ್ ಸ್ಟೀಲ್, ಅಲ್ಯುಮಿನಿಯಂ, ಕ್ರೋಮ್ ಲೇಪಿಸಿದ ಉಕ್ಕು, ಕ್ರೋಮ್ ಲೇಪಿಸಿದ ಸತುವಿನ ಎರಕ ಮತ್ತು ಹೊಳಪು ಹಚ್ಚಿದ ಪ್ಲಾಸ್ಟಿಕ್. ಪ್ರತಿಯೊಂದಕ್ಕೂ ಔಷಧ ಬೇರೆ.

ಸ್ಟೇನ್‌ಲೆಸ್ ಪಟ್ಟಿಯಾದರೆ ಅದೃಷ್ಟ. ಅದಕ್ಕೆ ಲೇಪನವೇ ಇಲ್ಲ, ಹೊಳಪು ಲೋಹದ್ದೇ. ತಗ್ಗಾದ ಜಾಗವನ್ನು ಹಿಂಬದಿಯಿಂದ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಮೇಲೆಬ್ಬಿಸಬೇಕು. ಮುಂಬದಿಯಲ್ಲಿ ಅರದಿಂದ ಒಮ್ಮೆ ಹಗುರವಾಗಿ ಉಜ್ಜಿದರೆ ಉಬ್ಬು ಎಲ್ಲಿ, ತಗ್ಗು ಎಲ್ಲಿ ಎಂದು ಗೆರೆಗಳೇ ಹೇಳುತ್ತವೆ. ಆಮೇಲೆ 220, 320, 400, 600 ಹೀಗೆ ನುಣುಪಿನತ್ತ ಸಾಗುವ ಎಮರಿ ಪೇಪರ್. ಕೊನೆಗೆ ಬಟ್ಟೆಯ ಚಕ್ರದಲ್ಲಿ ಬಫಿಂಗ್. ಪಟ್ಟಿ ತೆಳುವಾಗಿರುವುದರಿಂದ ಮರದ ರೀಪಿಗೆ ಕಟ್ಟಿಕೊಂಡೇ ಚಕ್ರಕ್ಕೆ ಹಿಡಿಯಬೇಕು. ಚಕ್ರ ತಿರುಗುತ್ತಾ ಅಂಚಿನಿಂದ ಹೊರಗೆ ಹೋಗುವಂತಿರಬೇಕು. ಎದುರಿನಿಂದ ಬಂದು ಅಂಚಿಗೆ ಸಿಕ್ಕಿಕೊಂಡರೆ ಪಟ್ಟಿ ಕತ್ತಿಯಂತೆ ಹಾರುತ್ತದೆ. ಕನ್ನಡಕ ಕಡ್ಡಾಯ.

ಅಲ್ಯುಮಿನಿಯಂ ಪಟ್ಟಿಯ ಮೇಲೆ ಆನೋಡೈಸಿಂಗ್ ಮಾಡಿದ ಗಟ್ಟಿ ಪದರವಿರುತ್ತದೆ. ಅದನ್ನು ಕಾಸ್ಟಿಕ್ ಸೋಡಾದಿಂದ ತೆಗೆಯದೆ ಎಷ್ಟು ಉಜ್ಜಿದರೂ ಹೊಳಪು ಬಾರದು. ಈ ಕೆಲಸ ಗಾಳಿಯಾಡುವ ಜಾಗದಲ್ಲೇ ಆಗಬೇಕು, ಏಕೆಂದರೆ ಹೈಡ್ರೋಜನ್ ಹೊರಬರುತ್ತದೆ. ಪಾಲಿಶ್ ಆದ ಮೇಲೆ ಮತ್ತೆ ಆನೋಡೈಸ್ ಮಾಡಿಸಿದರೆ ಬಾಳಿಕೆ. ಪ್ಲಾಸ್ಟಿಕ್ ಭಾಗಕ್ಕೆ ಮಾತ್ರ ಬಫಿಂಗ್ ಬೇಡವೇ ಬೇಡ, ಹೊಳಪಿನ ತೆಳು ಪದರ ಎದ್ದುಹೋಗುತ್ತದೆ.

ಎಲ್ಲಕ್ಕಿಂತ ಹಠಮಾರಿ ಸತುವಿನ ಎರಕ. ಲಾಂಛನ, ಹಿಡಿಕೆಗಳಲ್ಲಿ ಹೆಚ್ಚಾಗಿ ಸಿಗುತ್ತದೆ. ಮೇಲೆ ಸಣ್ಣ ಗುಳ್ಳೆ ಕಂಡರೆ ಒಳಗೆ ಲೋಹವೇ ಸವೆದು ಗುಳಿಬಿದ್ದಿರುತ್ತದೆ. ಸತು 420 ಡಿಗ್ರಿ ಸೆಲ್ಸಿಯಸ್ ಹೊತ್ತಿಗೇ ಕರಗುವುದರಿಂದ ವೆಲ್ಡಿಂಗ್ ಕೂಡ ಕಷ್ಟ. ಹಳೇ ಲೇಪನ ತೆಗೆದು, ಗುಳಿಗಳನ್ನು ಕೆರೆದು, ತಾಮ್ರ ಲೇಪಿಸಿ, ಮಟ್ಟ ಮಾಡಿ, ಮತ್ತೆ ಲೇಪಿಸಬೇಕು. ಇದಕ್ಕೆ ತಾಳ್ಮೆಯೇ ಬಂಡವಾಳ.

ಹೊಸದೇ ಬೇಕೆಂದರೆ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಬೇಕು. ಚಪ್ಪಟೆ ತುಂಡಾದರೆ ಪೀಣ್ಯದಲ್ಲೇ ಲೇಸರ್ ಕಟಿಂಗ್ ಮಾಡಿಸಿ ಬಗ್ಗಿಸಬಹುದು. ಆದರೆ ಅಂಚು ಮಡಿಚಿದ, ತಿರುವುಳ್ಳ ಪಟ್ಟಿಗೆ ಡೈ ಮಾಡಿಸಬೇಕು. ಒಂದೇ ಕಾರಿಗಾಗಿ ಡೈ ಮಾಡಿಸುವುದು ದುಬಾರಿ. ಆದ್ದರಿಂದಲೇ ದುರಸ್ತಿಗೆ ಇಷ್ಟು ಬೆಲೆ.

ಪಟ್ಟಿ ಮರಳಿ ಕೂರಿಸುವಾಗಲೂ ಕೆಲಸವಿದೆ. ಕ್ಲಿಪ್‌ಗಳ ಅಡಿಯಲ್ಲಿ ನೀರು ನಿಂತು ಬಾಡಿಗೆ ತುಕ್ಕು ಹಿಡಿದಿರುತ್ತದೆ. ಜೊತೆಗೆ ಬಣ್ಣ ಕೆರೆದುಹೋದ ಜಾಗದಲ್ಲಿ ಸ್ಟೇನ್‌ಲೆಸ್ ಮತ್ತು ಉಕ್ಕು ಒದ್ದೆಯಲ್ಲಿ ತಾಗಿಕೊಂಡರೆ ಪುಟ್ಟ ಬ್ಯಾಟರಿಯೇ ತಯಾರಾಗಿ, ಉಕ್ಕು ಬೇಗ ಸವೆಯುತ್ತದೆ. ನಾವು ಮೊದಲ ಸೆಮಿಸ್ಟರಿನ ಕೆಮಿಸ್ಟ್ರಿಯಲ್ಲಿ ಬಾಯಿಪಾಠ ಮಾಡಿದ ಗ್ಯಾಲ್ವನಿಕ್ ಸವೆತ ಇದೇ. ತುಕ್ಕು ಕೆರೆದು, ಪ್ರೈಮರ್ ಹೊಡೆದು, ನೈಲಾನ್ ಕ್ಲಿಪ್ ಹಾಕಿದರೆ ಆ ಬ್ಯಾಟರಿ ಬಂದ್.

<b>ಹೊಳಪಿನ ಲೆಕ್ಕ ನೀರಿನಲ್ಲಿ</b>

ಬಂಪರ್ ಉಕ್ಕಿನದು, ಅದಕ್ಕೆ ಪ್ಲೇಟಿಂಗ್ ಬೇಕೇ ಬೇಕು. ‘ಕ್ರೋಮ್ ಮಾಡಿಸುವುದು’ ಎನ್ನುತ್ತೇವಾದರೂ ತುಕ್ಕಿಗೆ ಅಡ್ಡ ನಿಲ್ಲುವುದು ಮುಖ್ಯವಾಗಿ ಕೆಳಗಿನ ನಿಕಲ್ ಪದರ. ಹೊರಭಾಗಕ್ಕೆ ಅದು 20ರಿಂದ 30 ಮೈಕ್ರಾನ್ ಇದ್ದರೆ ಒಳ್ಳೆಯದು. ಮೇಲಿನ ಕ್ರೋಮ್ ಒಂದು ಮೈಕ್ರಾನಿಗಿಂತಲೂ ತೆಳು. ನಿಕಲ್‌ನಲ್ಲಿ ಕಂಜೂಸಿ ಮಾಡಿದ ಬಂಪರ್ ಮೊದಲ ದಿನ ಕನ್ನಡಿಯಂತಿದ್ದರೂ ಕೆಲವೇ ಮಳೆಗಾಲಗಳಲ್ಲಿ ಕಂದು ಚುಕ್ಕೆ ತೋರಿಸುತ್ತದೆ.

ಆ ತೆಳು ಕ್ರೋಮಿನ ಹಿಂದೆ ದೊಡ್ಡ ಕಥೆಯೇ ಇದೆ. ಸಾಂಪ್ರದಾಯಿಕ ತೊಟ್ಟಿಯಲ್ಲಿ ಇರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ಅದು ಕ್ಯಾನ್ಸರ್‌ಕಾರಕ. ಅದರ ಆವಿ ಕುಡಿಯುವ ಕಾರ್ಮಿಕರ ಮೂಗಿನೊಳಗೆ ಹುಣ್ಣಾಗುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಬೆರೆತಿರುವುದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನದಂಡ. ಶೋಕಿಯ ಕಾರಿನ ಬಂಪರ್ ಹೊಳೆಯಲು ಇನ್ಯಾರದೋ ಬೋರ್‌ವೆಲ್ ಕೆಡಬೇಕೆ?

ಪರಿಹಾರ ಇಲ್ಲದಿಲ್ಲ. ತೊಳೆದ ನೀರಿಗೆ ಆಮ್ಲೀಯ ಸ್ಥಿತಿಯಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ವಿಷಕಾರಿ ಕ್ರೋಮಿಯಂ ಅಷ್ಟು ಅಪಾಯಕಾರಿಯಲ್ಲದ ಟ್ರೈವೇಲೆಂಟ್ ರೂಪಕ್ಕೆ ಇಳಿಯುತ್ತದೆ. ಬಳಿಕ ಸುಣ್ಣ ಹಾಕಿ ಕೆಸರಾಗಿ ತಳಕ್ಕಿಳಿಸಿ, ಆ ಕೆಸರನ್ನು ಅಪಾಯಕಾರಿ ತ್ಯಾಜ್ಯವಾಗಿ ವಿಲೇವಾರಿ ಮಾಡಬೇಕು. ಪ್ಲೇಟಿಂಗನ್ನೇ ಟ್ರೈವೇಲೆಂಟ್ ದ್ರಾವಣದಲ್ಲಿ ಮಾಡುವ ವಿಧಾನವೂ ಇದೆ. ನಮ್ಮ ಪ್ರಾಜೆಕ್ಟ್ ವರ್ಕ್‌ಗೆ ವಿಷಯ ಸಿಗುತ್ತಿಲ್ಲ ಎನ್ನುವ ಗೆಳೆಯರೇ, ಸಣ್ಣ ಘಟಕಕ್ಕೆ ಹೊಂದುವ ಅಗ್ಗದ ಶುದ್ಧೀಕರಣ ತೊಟ್ಟಿ, ಆವಿ ಎಳೆದುಕೊಳ್ಳುವ ಫ್ಯಾನ್ ಇವು ಸಾಲವೆ? ಕೆಲಸ ಹುಡುಕುವವರಿಗೂ ಇಲ್ಲಿ ಬಾಗಿಲಿದೆ. ಬಫಿಂಗ್, ಪ್ಲೇಟಿಂಗ್ ಬಲ್ಲ ಕೈಗಳು ಕಾರಿಗಷ್ಟೇ ಅಲ್ಲ, ನಲ್ಲಿಯಿಂದ ಯಂತ್ರದ ಬಿಡಿಭಾಗದವರೆಗೆ ಎಲ್ಲೆಡೆ ಬೇಕು.

ದೊಡ್ಡಪ್ಪನ ಕಾರಿನಲ್ಲಿ ಗಾಜಿನ ಸುತ್ತಲಿನ ಪಟ್ಟಿಗಳೆಲ್ಲ ಸ್ಟೇನ್‌ಲೆಸ್ ಎಂದು ಗೊತ್ತಾಯಿತು. ಅವನ್ನು ಕೈಯಲ್ಲೇ ತಿದ್ದಿದೆವು. ಪ್ಲೇಟಿಂಗಿಗೆ ಹೋದದ್ದು ಬಂಪರ್ ಮಾತ್ರ. ‘ತೊಳೆದ ನೀರು ಎಲ್ಲಿಗೆ ಹೋಗುತ್ತೆ?’ ಎಂದು ಎರಡು ಕಡೆ ಕೇಳಿದೆವು. ಒಂದು ಕಡೆ ನಕ್ಕರು. ಇನ್ನೊಂದು ಕಡೆ ಕರೆದುಕೊಂಡು ಹೋಗಿ ತೊಟ್ಟಿ ತೋರಿಸಿದರು. ಅಲ್ಲಿ ದರ ಹೆಚ್ಚು. ದೊಡ್ಡಪ್ಪ ಚೌಕಾಸಿ ಮಾಡದೆ ಅಡ್ವಾನ್ಸ್ ಕೊಟ್ಟರು.