ಡಂಪಿಂಗ್ ವಿರೋಧಿ ಸುಂಕ: ಲೆಕ್ಕದಲ್ಲಿ ಗುಟ್ಟೆಷ್ಟು, ಬಯಲೆಷ್ಟು?

ಅಡಿಕೆಯ ಧಾರಣೆ ಇಳಿದಾಗಲೆಲ್ಲ, ವಿದೇಶಿ ಅಡಿಕೆಯ ಮೇಲೆ ಡಂಪಿಂಗ್ ವಿರೋಧಿ ಸುಂಕ ಹಾಕಿಸಬಾರದೇಕೆ ಎಂದು ಸದಸ್ಯ ಬಂಧುಗಳು ಕೇಳುವುದುಂಟು. ಕಾನೂನಿನಲ್ಲಿ ಅದಕ್ಕೆ ದಾರಿಯಿದೆ. ಆದರೆ ಆ ದಾರಿ ಹಿಡಿದರೆ ನಮ್ಮ ಲೆಕ್ಕಪತ್ರಗಳನ್ನೂ ಮುಂದಿಡಬೇಕಾಗುತ್ತದೆ.

ಮೊದಲು ಒಂದು ಗೊಂದಲ ನಿವಾರಿಸೋಣ. 2023ರ ಫೆಬ್ರವರಿಯಲ್ಲಿ ಕಿಲೋಗೆ 351 ರೂಪಾಯಿಗೆ ಏರಿಸಿದ್ದು ಅಡಿಕೆಯ ಕನಿಷ್ಠ ಆಮದು ಬೆಲೆ. ಅದು ಆಮದು ನೀತಿಯ ಕಟ್ಟುಪಾಡೇ ಹೊರತು ಸುಂಕವಲ್ಲ. ಡಂಪಿಂಗ್ ವಿರೋಧಿ ಸುಂಕಕ್ಕೆ ಆಧಾರ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯಿದೆಯ 9ಎ ಕಲಮು ಹಾಗೂ 1995ರ ನಿಯಮಗಳು.

ಅಗ್ಗವಾಗಿ ಬಂದದ್ದೆಲ್ಲ ಡಂಪಿಂಗ್ ಅಲ್ಲ. ರಫ್ತುದಾರನು ತನ್ನ ದೇಶದಲ್ಲಿ ಮಾರುವ ಬೆಲೆಗಿಂತ ಕಡಿಮೆಗೆ ಇಲ್ಲಿಗೆ ಕಳುಹಿಸಿದರೆ ಮಾತ್ರ ಅದು ಡಂಪಿಂಗ್. ಉದಾಹರಣೆಗೆ, ಅಲ್ಲಿ 300 ರೂಪಾಯಿಯ ಮಾಲು ಇಲ್ಲಿಗೆ 240ಕ್ಕೆ ಬಂದರೆ ಅಂತರ 60 ರೂಪಾಯಿ. ಆದರೆ 45 ರೂಪಾಯಿ ಸುಂಕದಿಂದಲೇ ನಮ್ಮ ಹಾನಿ ನೀಗುವುದಾದರೆ 45ಕ್ಕೇ ಶಿಫಾರಸು. ಹಾನಿಯಾಗಿದೆ, ಅದು ಈ ಆಮದಿನಿಂದಲೇ ಆಗಿದೆ ಎಂದೂ ತೋರಿಸಬೇಕು. ಅರ್ಜಿಯನ್ನು ಬೆಂಬಲಿಸುವವರ ಉತ್ಪಾದನೆ ದೇಶದ ಒಟ್ಟು ಉತ್ಪಾದನೆಯ ಶೇಕಡ 25ಕ್ಕೆ ಕಡಿಮೆಯಿರಬಾರದು. ಹೀಗಾಗಿ ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ.

ತನಿಖೆ ನಡೆಸುವುದು ವಾಣಿಜ್ಯ ಸಚಿವಾಲಯದ ವಾಣಿಜ್ಯ ಪರಿಹಾರ ಮಹಾನಿರ್ದೇಶನಾಲಯ. ಸುಂಕ ವಿಧಿಸುವುದು ಹಣಕಾಸು ಸಚಿವಾಲಯ. ಸುಂಕದ ಅವಧಿ ಸಾಮಾನ್ಯವಾಗಿ 5 ವರ್ಷ. ಪುನರ್ವಿಮರ್ಶೆಯ ನಂತರ ಮುಂದುವರಿಸಬಹುದು.

ಇನ್ನು ಗುಟ್ಟಿನ ಮಾತು. ಉತ್ಪಾದನಾ ವೆಚ್ಚ, ಮಾರಾಟದ ಬೆಲೆ, ಸಾಲದ ಹೊರೆ ಇವೆಲ್ಲ ಎದುರು ಪಕ್ಷಕ್ಕೆ ತಿಳಿದರೆ ವ್ಯಾಪಾರಕ್ಕೆ ಪೆಟ್ಟು. ಆದುದರಿಂದ 7ನೇ ನಿಯಮವು ಇಂತಹ ಮಾಹಿತಿಯನ್ನು ಗೋಪ್ಯವಾಗಿಡಲು ಅವಕಾಶ ಕೊಟ್ಟಿದೆ. ಆದರೆ ಕಾಗದದ ಮೇಲೆ 'ಗೋಪ್ಯ' ಎಂದು ಬರೆದ ಮಾತ್ರಕ್ಕೆ ಅದು ಗೋಪ್ಯವಾಗದು. ಕಾರಣ ಕೊಟ್ಟು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಜೊತೆಗೆ, ಎದುರಾಳಿಗೆ ವಿಷಯ ಅರ್ಥವಾಗುವಂತಹ ಬಹಿರಂಗ ಸಾರಾಂಶವನ್ನೂ ಅಧಿಕಾರಿ ಕೇಳಬಹುದು. ವೆಚ್ಚವನ್ನು ರೂಪಾಯಿಯಲ್ಲಿ ಹೇಳದೆ, ಮೊದಲ ವರ್ಷವನ್ನು 100 ಎಂದಿಟ್ಟು ಮುಂದಿನ ವರ್ಷಗಳನ್ನು 108, 117 ಎಂದು ತೋರಿಸುವುದು ರೂಢಿಯಲ್ಲಿರುವ ಉಪಾಯ. ಕೋರಿಕೆ ಸಮರ್ಥನೀಯವಲ್ಲವೆಂದು ಅಧಿಕಾರಿಗೆ ಕಂಡು, ನಾವೂ ಬಹಿರಂಗಪಡಿಸಲು ಒಪ್ಪದಿದ್ದರೆ, ಆ ಮಾಹಿತಿಯನ್ನೇ ಕೈಬಿಡಬಹುದು.

ರಿಲಯನ್ಸ್ ಇಂಡಸ್ಟ್ರೀಸ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಅರ್ಥೈಸಿ, ಗೋಪ್ಯತೆಯನ್ನು ಕೋರುವ ಹಕ್ಕು ಮಾಹಿತಿ ಕೊಟ್ಟವರದು, ಅಧಿಕಾರಿಯದಲ್ಲ ಎಂದಿತು. ಈ ನಿಯಮ ನಮ್ಮಂತೆಯೇ ವಿದೇಶಿ ರಫ್ತುದಾರನಿಗೂ ಅನ್ವಯಿಸುತ್ತದೆ. ಆತನ ಬರಿದಾದ ಸಾರಾಂಶವನ್ನು ನಾವೂ ಪ್ರಶ್ನಿಸಬಹುದು.

ಒಂದು ಮಾತು ನೆನಪಿರಲಿ: ಕಳ್ಳಸಾಗಣೆಯ ಅಡಿಕೆಗೆ ಈ ಸುಂಕ ತಟ್ಟದು, ಅದಕ್ಕೆ ಗಡಿಯ ಕಾವಲೇ ಮದ್ದು.

ಹಾನಿಯ ಪರಿಶೀಲನೆಯಲ್ಲಿ ತನಿಖಾ ಅವಧಿಯ ಜೊತೆಗೆ ಹಿಂದಿನ ಮೂರು ವರ್ಷಗಳ ಅಂಕಿಗಳನ್ನೂ ನೋಡುತ್ತಾರೆ. ಆದ್ದರಿಂದ ಕೂಲಿ, ಗೊಬ್ಬರ, ಔಷಧ ಸಿಂಪಡಣೆ, ಕೊಯ್ಲು, ಸುಲಿತ ಇವುಗಳ ಖರ್ಚನ್ನು ಆಗಿಂದಾಗ್ಗೆ ಬರೆದು, ರಶೀದಿಗಳನ್ನು ಜೋಪಾನವಾಗಿಡಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ. ಬರೆದಿಡದ ಲೆಕ್ಕವನ್ನು ಗುಟ್ಟಾಗಿಡುವ ಪ್ರಶ್ನೆಯೇ ಬರುವುದಿಲ್ಲ.